ಎಂಜಿನ್ ಬದಲಿಸಿದ ಟ್ರಕ್ಕಿನಲ್ಲಿ ಟ್ರಾನ್ಸ್‌ಫರ್ ಕೇಸ್ ಮತ್ತು ಪ್ರೊಪೆಲ್ಲರ್ ಶಾಫ್ಟ್

ಟ್ರಾನ್ಸ್‌ಫರ್ ಕೇಸ್ ನಾಲ್ಕು ಚಕ್ರ ಚಾಲನೆಯ ವಾಹನದಲ್ಲಿ ಗೇರ್‌ಬಾಕ್ಸಿನ ಬೆನ್ನಿಗಿರುವ ಪೆಟ್ಟಿಗೆ. ಗೇರ್‌ಬಾಕ್ಸಿನಿಂದ ಬಂದ ಬಲವನ್ನು ಹಿಂದಿನ ಆಕ್ಸಲ್‌ಗೂ ಮುಂದಿನ ಆಕ್ಸಲ್‌ಗೂ ಹಂಚುವುದು ಅದರ ಮೊದಲ ಕೆಲಸ. ಏರಿನಲ್ಲಿ, ಕೆಸರಿನಲ್ಲಿ, ಬಂಡೆಗಳ ಮೇಲೆ ನಿಧಾನವಾಗಿ ತೆವಳಲು ಇನ್ನೂ ಒಂದು ಹಂತದ ಇಳಿತ ಕೊಡುವುದು ಎರಡನೆಯದು. ಆ ಪೆಟ್ಟಿಗೆಯಿಂದ ಆಕ್ಸಲ್‌ಗಳವರೆಗೆ ಬಲ ಒಯ್ಯುವ ಉಕ್ಕಿನ ಕೊಳವೆಗಳೇ ಪ್ರೊಪೆಲ್ಲರ್ ಶಾಫ್ಟ್‌ಗಳು. ಗ್ಯಾರೇಜಿನ ಮಾತಿನಲ್ಲಿ ಆ ಇಳಿತ ‘ಲೋ’, ಶಾಫ್ಟಿನ ತುದಿಯ ಯೂನಿವರ್ಸಲ್ ಜಾಯಿಂಟ್ ‘ಕ್ರಾಸ್’, ಆಕ್ಸಲ್‌ನ ಹೊಟ್ಟೆಯೊಳಗಿನ ಗೇರ್ ಜೋಡಿ ‘ಕ್ರೌನ್ ಪಿನಿಯನ್’.

ಕಾರ್ಖಾನೆಯಿಂದ ಬಂದಂತೆಯೇ ಇರುವ ವಾಹನದಲ್ಲಿ ಇವುಗಳ ಬಗ್ಗೆ ತಲೆ ಕೆಡಿಸಿಕೊಳ್ಳುವ ಪ್ರಮೇಯ ಬರುವುದಿಲ್ಲ. ಹಳೆಯ ಟ್ರಕ್ಕಿಗೆ ಬೇರೆ ಎಂಜಿನ್, ಬೇರೆ ಗೇರ್‌ಬಾಕ್ಸ್ ಕೂರಿಸಿದಾಗ ಎಲ್ಲವೂ ಬಿಚ್ಚಿಕೊಳ್ಳುತ್ತದೆ. ಈ ಹವ್ಯಾಸದ ತವರು ಅಮೆರಿಕ. ಅಲ್ಲಿ ಕೆಲಸಕ್ಕೆ ಕೈಹಾಕುವವರು ಬಹುತೇಕ ಎಂಜಿನ್ ಮೊದಲು ಕೊಳ್ಳುತ್ತಾರೆ, ಆಮೇಲೆ ಗೇರ್‌ಬಾಕ್ಸ್. ಉಳಿದ ಹಣದಲ್ಲಿ, ಉಳಿದ ಜಾಗದಲ್ಲಿ ಟ್ರಾನ್ಸ್‌ಫರ್ ಕೇಸ್. ಶಾಫ್ಟಿನ ಯೋಚನೆ ಎಲ್ಲ ಮುಗಿದ ಮೇಲೆ. ಲೆಕ್ಕ ನಡೆಯಬೇಕಾದದ್ದು ಇದರ ಹಿಮ್ಮುಖ ಕ್ರಮದಲ್ಲಿ: ಟೈರಿನಿಂದ ಆಕ್ಸಲ್‌ಗೆ, ಆಕ್ಸಲ್‌ನಿಂದ ಶಾಫ್ಟಿಗೆ, ಶಾಫ್ಟಿನಿಂದ ಪೆಟ್ಟಿಗೆಗೆ. ಇಡೀ ಸಾಲಿನಲ್ಲಿ ಅತ್ಯಂತ ಅಗ್ಗವಾದ ಶಾಫ್ಟೇ ಉಳಿದೆಲ್ಲ ಆಯ್ಕೆಗಳ ತಪ್ಪನ್ನು ಮೊದಲು ಹೊರಹಾಕುತ್ತದೆ, ನಡುಕವಾಗಿ ಇಲ್ಲವೇ ಮುರಿತವಾಗಿ.

ಹಿನ್ನೆಲೆ

ನಾಲ್ಕೂ ಚಕ್ರಗಳಿಗೆ ಬಲ ಕೊಡುವ ಯಶಸ್ವಿ ಮೋಟಾರು ವಾಹನವನ್ನು 1908ರ ಸುಮಾರಿಗೆ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಕ್ಲಿಂಟನ್‌ವಿಲ್ ಎಂಬ ಸಣ್ಣ ಊರಿನಲ್ಲಿ ಒಟ್ಟೊ ಜಾಕೋ ಮತ್ತು ವಿಲಿಯಂ ಬೆಸೆರ್‌ಡಿಕ್ ರೂಪಿಸಿದರು. ಅವರ ಕೆಲಸದಿಂದ ಹುಟ್ಟಿದ ಎಫ್‌ಡಬ್ಲ್ಯುಡಿ ಕಂಪನಿಯ ಮೂರು ಟನ್ನಿನ ಟ್ರಕ್ಕುಗಳು ಮೊದಲ ಮಹಾಯುದ್ಧದ ಕೆಸರಿನಲ್ಲಿ ಓಡಾಡಿದವು. ಬದಲಾವಣೆ ಮಾಡುವುದನ್ನೇ ವ್ಯಾಪಾರವಾಗಿಸಿಕೊಂಡವರು ಮಾರ್ಮನ್-ಹೆರಿಂಗ್ಟನ್ ಕಂಪನಿಯವರು. 1930ರ ದಶಕದ ನಡುವಿನಿಂದ ಅವರು ಸಾಮಾನ್ಯ ಫೋರ್ಡ್ ಟ್ರಕ್ಕುಗಳಿಗೆ ಟ್ರಾನ್ಸ್‌ಫರ್ ಕೇಸನ್ನೂ ಬಲ ಪಡೆಯುವ ಮುಂದಿನ ಆಕ್ಸಲನ್ನೂ ಸೇರಿಸಿ ಮಾರಿದರು.

ಎರಡನೆಯ ಮಹಾಯುದ್ಧದ ವಿಲ್ಲಿಸ್ ಜೀಪಿನಲ್ಲಿದ್ದದ್ದು ಸ್ಪೈಸರ್ ಕಂಪನಿಯ ಪೆಟ್ಟಿಗೆ. ಮುಂದೆ ಅದಕ್ಕೆ ಡಾನಾ 18 ಎಂಬ ಹೆಸರು ನಿಂತಿತು. ಸೇನೆಯ ಜೀಪಿನಲ್ಲಿ ಅದರ ಲೋ ಅನುಪಾತ 1.97. ಯುದ್ಧ ಮುಗಿದು ರೈತರಿಗೆ ಮಾರಲು ಹೊರಟ ಜೀಪಿನಲ್ಲಿ ಅದನ್ನು 2.46ಕ್ಕೆ ಏರಿಸಿದರು, ನೇಗಿಲು ಎಳೆಯಬೇಕಲ್ಲ. ಆ ಜೀಪನ್ನು 1940ರ ದಶಕದ ಕೊನೆಗೆ ಮುಂಬಯಿಯಲ್ಲಿ ಜೋಡಿಸತೊಡಗಿದ ಮಹೀಂದ್ರದ ಮೂಲಕ ಅದೇ ವಂಶದ ಪೆಟ್ಟಿಗೆ ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳವರೆಗೂ ಬಂತು.

ಗೇರ್, ಸರಪಳಿ

ಇವತ್ತಿನ ಚರ್ಚೆಗೆ ಒಳ್ಳೆಯ ಉದಾಹರಣೆ ಷೆವರ್ಲೆಯ ಕೆ-ಸರಣಿಯ ಪಿಕಪ್, 1973ರಿಂದ 1987ರ ನಡುವಿನದು. ಚೌಕಾಕಾರದ ಮೈಯಿಂದಾಗಿ ಅಮೆರಿಕದವರು ಅದನ್ನು ‘ಸ್ಕ್ವೇರ್ ಬಾಡಿ’ ಎನ್ನುತ್ತಾರೆ. ಮುಂದೆ ಹಿಂದೆ ಎರಡೂ ಕಡೆ ಗಟ್ಟಿ ಆಕ್ಸಲ್, ಪಟ್ಟಿ ಸ್ಪ್ರಿಂಗ್. ಜನರಲ್ ಮೋಟರ್ಸ್ 1999ರಿಂದ ತನ್ನ ಟ್ರಕ್ಕುಗಳಿಗೆ ಹಾಕಿದ 4.8, 5.3, 6.0 ಲೀಟರಿನ ವಿ8 ಎಂಜಿನ್‌ಗಳು ಗುಜರಿಯಲ್ಲಿ ರಾಶಿ ಸಿಗುವುದರಿಂದ ಈ ಹಳೆಯ ಮೈಗೆ ಆ ಹೊಸ ಹೃದಯ ಕೂರಿಸುವುದು ಈಗ ಮನೆಮನೆಯ ಮಾತಾಗಿದೆ. ಜೊತೆಗೆ ಬರುವ ಆಟೊಮ್ಯಾಟಿಕ್ ಗೇರ್‌ಬಾಕ್ಸ್ 4ಎಲ್60ಇ, ಇಲ್ಲವೇ ಅದರ ದೊಡ್ಡಣ್ಣ 4ಎಲ್80ಇ.

ಈ ಟ್ರಕ್ಕಿನ ಅಡಿಯಲ್ಲಿ ಮೂಲತಃ ಇರುವುದು ಹೆಚ್ಚಾಗಿ ಮೂರರಲ್ಲಿ ಒಂದು ಪೆಟ್ಟಿಗೆ. ನ್ಯೂ ಪ್ರೋಸೆಸ್ ಕಂಪನಿಯ 205 ಎರಕದ ಕಬ್ಬಿಣದ್ದು, ಒಳಗೆ ಬರೀ ಗೇರ್‌ಗಳು, ಲೋ 1.96, ತೂಕ 60 ಕಿಲೋ ಆಸುಪಾಸು. ಅದೇ ಕಂಪನಿಯ 203 ಸರಪಳಿಯದು, ನಡುವೆ ಡಿಫರೆನ್ಷಿಯಲ್ ಇರುವ ಸದಾ ನಾಲ್ಕು ಚಕ್ರದ ಪೆಟ್ಟಿಗೆ, 1973ರಿಂದ 1979ರವರೆಗೆ. ಆಮೇಲೆ ಬಂದ 208 ಅಲ್ಯುಮಿನಿಯಂ ಕವಚದ ಸರಪಳಿ ಪೆಟ್ಟಿಗೆ, ಲೋ 2.61. 1988ರ ಹೊಸ ಮಾದರಿಯ ಟ್ರಕ್ಕುಗಳಿಂದ ತೆಗೆದು ತರುವ 241ರಲ್ಲಿ ಲೋ 2.72.

205ರ ಬಗ್ಗೆ ಹವ್ಯಾಸಿಗಳಲ್ಲಿ ಒಂದು ಬಗೆಯ ಭಕ್ತಿಯೇ ಇದೆ. ಮುರಿಯದ ಪೆಟ್ಟಿಗೆ ಎಂಬ ಹೆಸರು ಸುಳ್ಳಲ್ಲ. ಆದರೆ ಅದರ ಲೋ ಅನುಪಾತ ಬಡವಾದದ್ದು ಎಂಬುದನ್ನು ಭಕ್ತರು ಮರೆಯುತ್ತಾರೆ. ಗೇರ್‌ಬಾಕ್ಸಿನ ಮೊದಲ ಗೇರ್, ಪೆಟ್ಟಿಗೆಯ ಲೋ, ಕ್ರೌನ್ ಪಿನಿಯನ್ನಿನ ಅನುಪಾತ, ಈ ಮೂರನ್ನು ಗುಣಿಸಿದರೆ ವಾಹನ ಎಷ್ಟು ನಿಧಾನಕ್ಕೆ ತೆವಳಬಲ್ಲದು ಎಂಬ ಅಂಕೆ ಸಿಗುತ್ತದೆ. ಹಳೆಯ ನಾಲ್ಕು ಗೇರಿನ ಎಸ್‌ಎಂ465ರ ಮೊದಲ ಗೇರ್ 6.55. ಅದರ ಹಿಂದೆ 205, ಆಕ್ಸಲ್‌ನಲ್ಲಿ 4.10 ಇದ್ದರೆ ಸುಮಾರು 52.6. ಗೇರ್‌ಬಾಕ್ಸ್ ತೆಗೆದು 4ಎಲ್80ಇ ಹಾಕಿದರೆ ಅದರ ಮೊದಲ ಗೇರ್ ಬರೀ 2.48, ಅಂಕೆ 20ಕ್ಕೆ ಕುಸಿಯುತ್ತದೆ. ಆಟೊಮ್ಯಾಟಿಕ್‌ನ ಟಾರ್ಕ್ ಕನ್ವರ್ಟರ್ ಹೊರಡುವಾಗ ಸ್ವಲ್ಪ ಬಲ ಕೂಡಿಸುತ್ತದೆ ನಿಜ, ಆದರೆ ಇಳಿಜಾರಿನಲ್ಲಿ ಹಿಡಿದು ನಿಲ್ಲಿಸುವುದಿಲ್ಲ. 4ಎಲ್60ಇಯ 3.06ರ ಜೊತೆ 241 ಕೂರಿಸಿದರೆ ಇದೇ ಅಂಕೆ 34. ಹೆದ್ದಾರಿ ಮತ್ತು ಹೊಲದ ದಾರಿ ಎರಡರಲ್ಲೂ ಓಡುವ ಟ್ರಕ್ಕಿಗೆ ಇಷ್ಟು ಸಾಕು ಎಂಬುದು ಈ ಲೇಖಕನ ಎಣಿಕೆ. ಬಂಡೆ ಹತ್ತುವ ಹುಚ್ಚಿನವರು 203ರ ಮುಂಭಾಗದ ಲೋ ಪೆಟ್ಟಿಗೆಯನ್ನಷ್ಟೇ ಬಿಚ್ಚಿ ತೆಗೆದು 205ರ ಮುಂದೆ ಜೋಡಿಸಿ 2.01ನ್ನು 1.96ರಿಂದ ಗುಣಿಸಿಕೊಳ್ಳುತ್ತಾರೆ, ಸುಮಾರು 3.94 ಆಗುತ್ತದೆ. ಹಣ ಇದ್ದವರಿಗೆ ಕ್ಯಾಲಿಫೋರ್ನಿಯಾದ ಅಡ್ವಾನ್ಸ್ ಅಡಾಪ್ಟರ್ಸ್ ಕಂಪನಿಯ ‘ಅಟ್ಲಾಸ್’ ಪೆಟ್ಟಿಗೆ ಇದೆ, ಬೇಕಾದ ಅನುಪಾತಕ್ಕೆ ಆರಿಸಿಕೊಳ್ಳಬಹುದು.

ಸರಪಳಿ ಎಂದ ಕೂಡಲೇ ಮೂಗು ಮುರಿಯಬೇಕಾಗಿಲ್ಲ. ಅದು ಸೈಕಲ್ಲಿನ ಚೈನಲ್ಲ, ಮೂರು ಬೆರಳಗಲದ ಪಟ್ಟಿಯಂಥದ್ದು. ಸದ್ದು ಕಡಿಮೆ, ತೂಕ ಕಡಿಮೆ. ಸವೆದು ಸಡಿಲವಾದಾಗ ಜೋರಾಗಿ ಎಳೆದರೆ ಹಲ್ಲು ಹಾರುತ್ತದೆ, ಅದು ಅದರ ಮಿತಿ. ಇನ್ನೊಂದು ಎಚ್ಚರ ಎಣ್ಣೆಯದು: 205ಕ್ಕೆ ಗಟ್ಟಿ ಗೇರ್ ಎಣ್ಣೆ ಬೇಕು, 241ಕ್ಕೆ ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ತೆಳು ಎಣ್ಣೆ. ಅಭ್ಯಾಸಬಲದಿಂದ ಒಂದನ್ನು ಇನ್ನೊಂದಕ್ಕೆ ಸುರಿದು ಕೆಡಿಸಿದವರು ಕಡಿಮೆಯಿಲ್ಲ. ಜನರಲ್ ಮೋಟರ್ಸ್‌ನ ಮುಂದಿನ ತಲೆಮಾರಿನ 246ರಂಥ ಪೆಟ್ಟಿಗೆಗಳಲ್ಲಿ ಒಳಗಿನ ಎಣ್ಣೆ ಪಂಪು ಕವಚಕ್ಕೆ ಉಜ್ಜಿ ಉಜ್ಜಿ ಸೂಜಿಗಾತ್ರದ ತೂತು ಮಾಡುವ ದೋಷ ಪ್ರಸಿದ್ಧ. ಎಣ್ಣೆ ಓಡುವಾಗ ಮಾತ್ರ ಸೋರುವುದರಿಂದ ನಿಂತಲ್ಲಿ ಕಲೆ ಕಾಣುವುದಿಲ್ಲ. ಅವನ್ನು ತರುವವರು ಹಿಂಬದಿಯ ಅರ್ಧ ಬಿಚ್ಚಿ ನೋಡಿಯೇ ತರಬೇಕು.

ಹಲ್ಲು ಮತ್ತು ಬದಿ

ಗೇರ್‌ಬಾಕ್ಸಿನ ಹೊರತುದಿಯ ದಂಡಕ್ಕೆ ಉದ್ದುದ್ದ ಹಲ್ಲುಗಳಿರುತ್ತವೆ, ಸ್ಪ್ಲೈನ್. ಟ್ರಾನ್ಸ್‌ಫರ್ ಕೇಸಿನ ಬಾಯಿಯ ಹಲ್ಲುಗಳ ಎಣಿಕೆಗೆ ಅವು ಹೊಂದಬೇಕು. 4ಎಲ್60ಇಗೆ 27 ಹಲ್ಲು, 4ಎಲ್80ಇಗೆ 32. ಹಳೆಯ 205ಗಳು ಯಾವ ಗೇರ್‌ಬಾಕ್ಸಿನ ಹಿಂದೆ ಇದ್ದವು ಎಂಬುದರ ಮೇಲೆ 10, 27 ಅಥವಾ 32 ಹಲ್ಲಿನವು. ಫೋರ್ಡಿನವು 31 ಹಲ್ಲು, ಆದ್ದರಿಂದ ಕಂಪನಿ ದಾಟಿ ತಂದ ಪೆಟ್ಟಿಗೆಗೆ ಅಡಾಪ್ಟರ್ ಬೇಕೇ ಬೇಕು. ಹಲ್ಲು ಹೊಂದಿದರೂ ಬೋಲ್ಟಿನ ವೃತ್ತ ಹೊಂದದಿರಬಹುದು. ಅಡಾಪ್ಟರ್ ತಂದಷ್ಟೂ ಉದ್ದ ಹೆಚ್ಚುತ್ತದೆ. ಪೆಟ್ಟಿಗೆ ಹಿಂದೆ ಸರಿದಷ್ಟೂ ಹಿಂದಿನ ಶಾಫ್ಟ್ ಗಿಡ್ಡವಾಗಿ, ಅದರ ಕೋನ ಕಡಿದಾಗುತ್ತದೆ. ಕೆ-ಸರಣಿಯ ಗಿಡ್ಡ ತೊಟ್ಟಿಯ ಪಿಕಪ್ಪಿನ ಚಕ್ರಾಂತರ 2,985 ಮಿಲಿಮೀಟರ್, ಉದ್ದ ತೊಟ್ಟಿಯದು 3,340. ಈ ಅಂತರ ಕೋನದ ಮೇಲೆ ಎಷ್ಟು ದಯೆ ತೋರುತ್ತದೆ ಎಂಬುದನ್ನು ಕೊಳ್ಳುವ ಮೊದಲೇ ನೋಡಬೇಕು. ಗಿಡ್ಡ ತೊಟ್ಟಿ ಚೆಂದ, ಉದ್ದ ತೊಟ್ಟಿ ಸುಲಭ.

ಇನ್ನೊಂದು ಪ್ರಶ್ನೆ ಬದಿಯದು. ಮುಂದಿನ ಆಕ್ಸಲ್‌ನಲ್ಲಿ ಕ್ರೌನ್ ಪಿನಿಯನ್ ಇರುವ ಉಂಡೆ ಯಾವ ಬದಿಗಿದೆಯೋ ಆ ಬದಿಗೇ ಪೆಟ್ಟಿಗೆಯ ಮುಂಬಾಯಿ ಇಳಿಯಬೇಕು. ಕೆ-ಸರಣಿಯ ಗಟ್ಟಿ ಆಕ್ಸಲ್ ಟ್ರಕ್ಕಿನಲ್ಲಿ ಅದು ಬಲಕ್ಕೆ. 1988ರ ನಂತರದ ಜನರಲ್ ಮೋಟರ್ಸ್ ಪಿಕಪ್ಪುಗಳಲ್ಲಿ, ಫೋರ್ಡಿನ ಬ್ರಾಂಕೊದಲ್ಲಿ ಎಡಕ್ಕೆ. ಹೀಗಾಗಿ ಹೊಸ ಟ್ರಕ್ಕಿನಿಂದ ಎಂಜಿನ್, ಗೇರ್‌ಬಾಕ್ಸ್, ಪೆಟ್ಟಿಗೆ ಮೂರನ್ನೂ ಒಟ್ಟಿಗೆ ಎತ್ತಿ ತಂದರೆ ಮುಂದಿನ ಶಾಫ್ಟಿಗೆ ಹೋಗಲು ಆಕ್ಸಲ್ಲೇ ಇಲ್ಲ! ಪೆಟ್ಟಿಗೆಯನ್ನು ಬದಲಿಸಬೇಕು, ಇಲ್ಲವೇ ಆಕ್ಸಲನ್ನು. ಅಮೆರಿಕದವರು ಬಲಬದಿಯನ್ನು ಪ್ರಯಾಣಿಕನ ಬದಿ ಎನ್ನುತ್ತಾರೆ, ಅಲ್ಲಿ ಚಾಲಕ ಎಡಕ್ಕೆ ಕೂರುವುದರಿಂದ. ಅವರ ಪುಸ್ತಕ ಓದಿಕೊಂಡು ಭಾರತದ ಜೀಪಿನ ಕೆಳಗೆ ನುಗ್ಗಿದವರಿಗೆ ಪ್ರಯಾಣಿಕ ಎದುರು ಬದಿಯಲ್ಲಿ ಸಿಗುತ್ತಾನೆ. ಎಡ, ಬಲ ಎಂದೇ ಬರೆದಿಟ್ಟುಕೊಳ್ಳುವುದು ಕ್ಷೇಮ.

ಗೇರ್‌ಬಾಕ್ಸಿಗೆ ಅಂಟದೆ ದೂರ ಕೂರುವ ಪೆಟ್ಟಿಗೆಗಳೂ ಉಂಟು. 1970ರ ದಶಕದ ಎತ್ತರದ ಫೋರ್ಡ್ ಎಫ್-250ರಲ್ಲಿ 205 ಹೀಗೇ ಪ್ರತ್ಯೇಕವಾಗಿ ಚಾಸಿಗೆ ತೂಗಿಕೊಂಡಿತ್ತು. ನಮಗೆ ಪರಿಚಿತ ಉದಾಹರಣೆ ಮಾರುತಿ ಜಿಪ್ಸಿ: ಗೇರ್‌ಬಾಕ್ಸಿನಿಂದ ಪೆಟ್ಟಿಗೆಗೆ ಒಂದು ಚಿಕ್ಕ ಶಾಫ್ಟ್, ಅಲ್ಲಿಂದ ಮುಂದಕ್ಕೊಂದು, ಹಿಂದಕ್ಕೊಂದು. ಹಲ್ಲಿನ ಎಣಿಕೆ, ಬೋಲ್ಟಿನ ವೃತ್ತ ಎಂಬ ಎರಡೂ ತಲೆನೋವು ಇಲ್ಲಿ ಮಾಯ. ಯಾವ ಗೇರ್‌ಬಾಕ್ಸಾದರೂ ಸರಿ, ಚಿಕ್ಕ ಶಾಫ್ಟ್ ಮಾಡಿಸಿದರೆ ಮುಗಿಯಿತು. ಆದರೆ ಮೊದಲ ಗೇರಿನಲ್ಲಿ ಎಂಜಿನ್ನಿನ ಬಲವೆಲ್ಲ ಆ ಗಿಡ್ಡ ದಂಡದ ಮೇಲೇ ಬೀಳುತ್ತದೆ, ಮತ್ತು ಪೆಟ್ಟಿಗೆಯನ್ನು ಹಿಡಿದಿರುವ ರಬ್ಬರುಗಳು ಸಡಿಲಾದರೆ ಕೋನ ಕೆಡುತ್ತದೆ.

ಶಾಫ್ಟಿನ ಶಾಸ್ತ್ರ

ಯೂನಿವರ್ಸಲ್ ಜಾಯಿಂಟ್ ಬಹಳ ಹಳೆಯ ಕೀಲು. ಇಟಲಿಯ ಜೆರೊಲಾಮೊ ಕಾರ್ಡಾನೊ ಮತ್ತು ಇಂಗ್ಲೆಂಡಿನ ರಾಬರ್ಟ್ ಹುಕ್ ಇಬ್ಬರ ಹೆಸರೂ ಅದಕ್ಕೆ ಅಂಟಿಕೊಂಡಿವೆ. ಅದರ ಗುಣವೊಂದಿದೆ, ಮೊದಲ ನೋಟಕ್ಕೆ ನಂಬಲಾಗದ್ದು: ಕೋನದಲ್ಲಿ ತಿರುಗುವಾಗ ಒಳಬರುವ ದಂಡ ಸಮವೇಗದಲ್ಲಿದ್ದರೂ ಹೊರಹೋಗುವ ದಂಡ ಪ್ರತಿ ಸುತ್ತಿನಲ್ಲೂ ಎರಡು ಸಲ ಮುಂದೋಡಿ ಎರಡು ಸಲ ಹಿಂದುಳಿಯುತ್ತದೆ. 30 ಡಿಗ್ರಿ ಕೋನದಲ್ಲಿ ನಿಮಿಷಕ್ಕೆ 2,000 ಸುತ್ತು ಒಳಕೊಟ್ಟರೆ ಹೊರಗೆ ಬರುವುದು 1,732 ಮತ್ತು 2,309ರ ನಡುವೆ ತೂಗಾಡುವ ವೇಗ. 3 ಡಿಗ್ರಿಯಲ್ಲಿ ಆ ತೂಗಾಟ ಅತ್ತ ಇತ್ತ ತಲಾ ಮೂರು ಸುತ್ತಿಗೂ ಕಡಿಮೆ.

ಪರಿಹಾರ ಸರಳ: ಶಾಫ್ಟಿನ ಎರಡೂ ತುದಿಗೆ ಒಂದೊಂದು ಕ್ರಾಸ್ ಹಾಕಿ, ಎರಡರ ಕೋನ ಸಮ ಇಟ್ಟರೆ ಮೊದಲನೆಯದು ಮಾಡಿದ ತಪ್ಪನ್ನು ಎರಡನೆಯದು ತಿದ್ದುತ್ತದೆ. ಇದಕ್ಕೆ ಕ್ರಾಸ್‌ಗಳನ್ನು ಹಿಡಿಯುವ ಶಾಫ್ಟಿನ ಎರಡು ಕವೆಗಳು (ಯೋಕ್) ಒಂದೇ ನೇರದಲ್ಲಿರಬೇಕು. ಸ್ಪ್ಲೈನ್ ಬಿಚ್ಚಿ ಒಂದು ಹಲ್ಲು ತಪ್ಪಿಸಿ ಮತ್ತೆ ಸೇರಿಸಿದರೆ ಇಡೀ ಗಾಡಿ ನಡುಗುತ್ತದೆ. ಬಿಚ್ಚುವ ಮೊದಲು ಸುಣ್ಣದಲ್ಲೋ ಬಣ್ಣದಲ್ಲೋ ಗುರುತು ಹಾಕಿಕೊಳ್ಳುವ ಮೆಕ್ಯಾನಿಕ್ ಒಳ್ಳೆಯವನೆಂದು ತಿಳಿಯಬೇಕು. ಹೆದ್ದಾರಿ ವೇಗದಲ್ಲಿ ಓಡುವ ಹಿಂದಿನ ಶಾಫ್ಟಿನಲ್ಲಿ ಪ್ರತಿ ಕ್ರಾಸಿನ ಕೋನ 3 ಡಿಗ್ರಿಯೊಳಗೆ, ಎರಡರ ನಡುವಿನ ವ್ಯತ್ಯಾಸ 1 ಡಿಗ್ರಿಯೊಳಗೆ ಇರಲಿ ಎಂಬುದು ಸಾಮಾನ್ಯ ನಿಯಮ. ಸೊನ್ನೆ ಡಿಗ್ರಿಯೂ ಒಳ್ಳೆಯದಲ್ಲ. ಒಳಗಿನ ಸೂಜಿ ಬೇರಿಂಗ್‌ಗಳು ಉರುಳದೆ ಒಂದೇ ಜಾಗದಲ್ಲಿ ಕುಟ್ಟಿ ಕುಟ್ಟಿ ಗೀರು ಮಾಡುತ್ತವೆ. ಅರ್ಧ ಡಿಗ್ರಿಯಾದರೂ ಇರಬೇಕು.

ಸ್ಪ್ರಿಂಗ್ ಎತ್ತರಿಸಿದ ಟ್ರಕ್ಕಿನಲ್ಲಿ ಈ ಮಿತಿ ಸಿಗುವುದಿಲ್ಲ. ಆಗ ಪೆಟ್ಟಿಗೆಯ ತುದಿಯಲ್ಲಿ ಎರಡು ಕ್ರಾಸ್‌ಗಳನ್ನು ಬೆನ್ನಿಗೆ ಬೆನ್ನು ಕಟ್ಟಿದ ಜೋಡಿ ಕೀಲು ಬಳಸುತ್ತಾರೆ. ಅದು ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುವುದರಿಂದ ಆಕ್ಸಲ್ ತುದಿಯ ಕ್ರಾಸ್ ನೇರವಾಗಿರಬೇಕು. ಎಂದರೆ ಪಿನಿಯನ್ ಮೂತಿ ಮೇಲೆತ್ತಿ ಪೆಟ್ಟಿಗೆಯ ಕಡೆಗೇ ನೋಡಬೇಕು. ಪಟ್ಟಿ ಸ್ಪ್ರಿಂಗಿನ ಆಕ್ಸಲ್ ಎಳೆತದಲ್ಲಿ ಮೂತಿ ಎತ್ತುವ ಸ್ವಭಾವದ್ದು, ಆದ್ದರಿಂದ ನಿಂತಾಗ ಒಂದೆರಡು ಡಿಗ್ರಿ ತಗ್ಗಿಸಿಡುತ್ತಾರೆ. ಸಮಕೋನದ ಶಾಫ್ಟಿಗೂ ಜೋಡಿ ಕೀಲಿನ ಶಾಫ್ಟಿಗೂ ಪಿನಿಯನ್ ನಿಲ್ಲುವ ಭಂಗಿಯೇ ಬೇರೆ. ಶಾಫ್ಟ್ ಮಾತ್ರ ಬದಲಿಸಿ ಆಕ್ಸಲನ್ನು ಹಳೆಯ ಭಂಗಿಯಲ್ಲೇ ಬಿಟ್ಟು, ‘ದುಬಾರಿ ಶಾಫ್ಟ್ ಹಾಕಿದರೂ ನಡುಕ ಹೋಗಲಿಲ್ಲ’ ಎನ್ನುವುದು ಸಾಮಾನ್ಯ ದೂರು.

ಕೋನದ ನಂತರ ಉದ್ದ. ಉದ್ದನೆಯ ಕೊಳವೆ ಒಂದು ವೇಗ ದಾಟಿದರೆ ಮಕ್ಕಳಾಡುವ ಸ್ಕಿಪ್ಪಿಂಗ್ ಹಗ್ಗದಂತೆ ನಡುವಿನಲ್ಲಿ ಬಾಗಿ ಬೀಸತೊಡಗುತ್ತದೆ. ಈ ಮಿತಿವೇಗ ಉದ್ದದ ವರ್ಗಕ್ಕೆ ವಿಲೋಮ: ಉದ್ದ ಅರ್ಧ ಮಾಡಿದರೆ ವೇಗ ನಾಲ್ಕು ಪಟ್ಟು. ಕೊಳವೆ ದಪ್ಪವಾದಷ್ಟೂ ಮಿತಿ ಏರುತ್ತದೆ. ಐದು ಅಡಿ ಉದ್ದ, ಮೂರು ಅಂಗುಲ ವ್ಯಾಸ, ಎರಡು ಮಿಲಿಮೀಟರಿಗೆ ತುಸು ಹೆಚ್ಚು ಗೋಡೆಯ ಉಕ್ಕಿನ ಕೊಳವೆಗೆ ಲೆಕ್ಕದ ಮಿತಿ ನಿಮಿಷಕ್ಕೆ ಸುಮಾರು 5,400 ಸುತ್ತು. ಮುಕ್ಕಾಲು ಪಾಲನ್ನಷ್ಟೇ ನಂಬಿದರೆ 4,000. ಅದೇ ಉದ್ದದ ಎರಡು ಅಂಗುಲದ ಕೊಳವೆ, ಗೋಡೆ ಮೂರು ಮಿಲಿಮೀಟರ್ ಮಾಡಿದರೂ, ನಂಬಬಹುದಾದದ್ದು 2,600ರಷ್ಟೇ. ಸುಮಾರು 82 ಸೆಂಟಿಮೀಟರ್ ವ್ಯಾಸದ ಟೈರು, 4.10ರ ಆಕ್ಸಲ್ ಇರುವ ಟ್ರಕ್ಕು ಗಂಟೆಗೆ 110 ಕಿಲೋಮೀಟರ್ ಓಡುವಾಗ ಶಾಫ್ಟ್ ತಿರುಗುವುದು 2,900 ಸುತ್ತು. ಎರಡಂಗುಲದ ಕೊಳವೆ ಗೋಡೆ ದಪ್ಪವಿದ್ದೂ ಸೋಲುವುದು ಇಲ್ಲಿ. ಲಾರಿಗಳಲ್ಲಿ ಶಾಫ್ಟನ್ನು ಎರಡು ತುಂಡು ಮಾಡಿ ನಡುವೆ ಸೆಂಟರ್ ಬೇರಿಂಗ್ ಕೊಡುವುದಕ್ಕೂ ಇದೇ ಕಾರಣ.

ಕ್ರಾಸಿನ ಗಾತ್ರದ ಬಗ್ಗೆ ಒಂದು ಭ್ರಮೆ ಬಿಡಿಸಬೇಕು. ಸ್ಪೈಸರ್ ಸರಣಿಯ 1310, 1330, 1350 ಎಂಬ ಸಂಖ್ಯೆಗಳನ್ನು ನೋಡಿ ಮೆಟ್ಟಿಲು ಮೆಟ್ಟಿಲಾಗಿ ಬಲ ಹೆಚ್ಚುತ್ತದೆ ಎಂದುಕೊಳ್ಳುತ್ತಾರೆ. 1310ರ ಬೇರಿಂಗ್ ಬಟ್ಟಲಿನ ವ್ಯಾಸ 27 ಮಿಲಿಮೀಟರ್, ಕ್ರಾಸಿನ ಅಗಲ 82. 1330ರ ವ್ಯಾಸವೂ ಅದೇ 27, ಅಗಲ ಮಾತ್ರ 92. 1350ರಲ್ಲಿ ಅಗಲ ಅದೇ 92, ವ್ಯಾಸ 30ಕ್ಕೇರುತ್ತದೆ. ನಿಜವಾದ ಏರಿಕೆ ಕೊನೆಯ ಮೆಟ್ಟಿಲಿನದು. ಎರಡು ಗಾತ್ರಗಳನ್ನು ಕೂಡಿಸುವ ಮಿಶ್ರ ಕ್ರಾಸ್‌ಗಳೂ ಸಿಗುತ್ತವೆ, ತುರ್ತಿಗೆ ಸರಿ.

ಬಲ ಎಷ್ಟು ಬೇಕು ಎಂಬುದಕ್ಕೆ ಎಂಜಿನ್ ಕಡೆಯಿಂದ ಲೆಕ್ಕ ಹಾಕಿದರೆ ಗಾಬರಿಯಾಗುತ್ತದೆ. 400 ನ್ಯೂಟನ್ ಮೀಟರಿನ ಎಂಜಿನ್, 6.55ರ ಗೇರ್, 1.96ರ ಲೋ, ಶಾಫ್ಟಿನ ಮೇಲೆ 5,000 ದಾಟಿತು. ಆದರೆ ಟೈರು ಜಾರುವ ತನಕ ಮಾತ್ರ ಬಲ ಏರಬಲ್ಲದು. ಆಕ್ಸಲ್ ಮೇಲೆ 1,500 ಕಿಲೋ, ಒಳ್ಳೆಯ ಹಿಡಿತ, 40 ಸೆಂಟಿಮೀಟರ್ ತ್ರಿಜ್ಯದ ಟೈರು, 4.10ರ ಆಕ್ಸಲ್ ಎಂದುಕೊಂಡರೆ ಶಾಫ್ಟ್ ತಡೆಯಬೇಕಾದ್ದು ಸುಮಾರು 1,150 ನ್ಯೂಟನ್ ಮೀಟರ್. ಚಕ್ರ ಬಂಡೆಗಳ ಸಂದಿಯಲ್ಲಿ ಕಚ್ಚಿ ನಿಂತಾಗ, ಇಲ್ಲವೇ ಗಾಳಿಯಲ್ಲಿ ತಿರುಗುತ್ತಿದ್ದ ಚಕ್ರ ಒಮ್ಮೆಲೇ ನೆಲ ಹಿಡಿದಾಗ ಈ ಲೆಕ್ಕ ತಪ್ಪುತ್ತದೆ. ಮುರಿತಗಳಾಗುವುದು ಆ ಕ್ಷಣದಲ್ಲೇ. ದಿನಬಳಕೆಯ ಟ್ರಕ್ಕಿಗೆ ಹಿಂದೆ 1350, ಮುಂದೆ 1310 ಹಾಕಿ, ಕ್ರಾಸ್ ಮುರಿದರೆ ಆಕ್ಸಲ್ ಉಳಿಯಿತು ಎಂದುಕೊಳ್ಳುವುದು ಬುದ್ಧಿವಂತಿಕೆ. ಕ್ರಾಸ್ ಅಗ್ಗ, ಕ್ರೌನ್ ಪಿನಿಯನ್ ದುಬಾರಿ.

ಶಾಫ್ಟಿನ ಉದ್ದ ಅಳೆಯಬೇಕಾದದ್ದು ವಾಹನ ತನ್ನ ಚಕ್ರಗಳ ಮೇಲೆ ಭಾರ ಹೊತ್ತು ನಿಂತಾಗ. ಜಾಕ್ ಮೇಲೆ ತೂಗುಬಿಟ್ಟು ಅಳೆದ ಶಾಫ್ಟ್ ಗುಂಡಿಗೆ ಬಿದ್ದ ಮೊದಲ ದಿನವೇ ಪೆಟ್ಟಿಗೆಯೊಳಕ್ಕೆ ನುಗ್ಗಿ ಬೇರಿಂಗ್ ಒಡೆಯುತ್ತದೆ. ಸ್ಪ್ಲೈನ್ ಒಳಸರಿಯಲು ಕನಿಷ್ಠ 25 ಮಿಲಿಮೀಟರ್ ಬಿಡಬೇಕು, ಸ್ಪ್ರಿಂಗ್ ಹೆಚ್ಚು ಆಡುವುದಾದರೆ ಇನ್ನೂ ಹೆಚ್ಚು. 241ರಂಥ ಪೆಟ್ಟಿಗೆಗಳಲ್ಲಿ ಜಾರುವ ಕವೆ ಪೆಟ್ಟಿಗೆಯ ಬಾಲದೊಳಗೇ ಇರುತ್ತದೆ. ಹಿಂದಿನ ಶಾಫ್ಟ್ ಮುರಿದರೆ ಅದನ್ನು ಕಳಚಿ ಮುಂದಿನ ಚಕ್ರಗಳಲ್ಲಿ ಮನೆಗೆ ಬರೋಣವೆಂದರೆ ಎಣ್ಣೆಯೆಲ್ಲ ಬಾಲದಿಂದ ಸುರಿದುಹೋಗುತ್ತದೆ. ಆದ್ದರಿಂದಲೇ ಕಾಡಿಗೆ ಹೋಗುವವರು ಬಾಲ ಕತ್ತರಿಸಿ, ಸ್ಥಿರ ಕವೆ ಕೂರಿಸಿ, ಜಾರುವ ಸ್ಪ್ಲೈನನ್ನು ಶಾಫ್ಟಿಗೇ ವರ್ಗಾಯಿಸುತ್ತಾರೆ.

ಹೊಸ ಗೇರ್‌ಬಾಕ್ಸಿನ ಕಂಪ್ಯೂಟರಿಗೆ ಹೊರದಂಡದ ವೇಗ ತಿಳಿಯಬೇಕು. 4ಎಲ್60ಇಯ ನಾಲ್ಕು ಚಕ್ರ ಮಾದರಿಯಲ್ಲಿ ಆ ಸಂವೇದಕ ಇರುವುದು ಟ್ರಾನ್ಸ್‌ಫರ್ ಕೇಸಿನ ಬಾಲದಲ್ಲಿ. ಅದರ ಜಾಗದಲ್ಲಿ ತಂತಿ ಸ್ಪೀಡೋಮೀಟರಿನ ಹಳೆಯ 205 ಇಟ್ಟರೆ ಗೇರ್‌ಬಾಕ್ಸ್ ಕುರುಡಾಗುತ್ತದೆ, ಹಲ್ಲಿನ ಉಂಗುರವನ್ನೂ ಸಂವೇದಕವನ್ನೂ ಕೂರಿಸಬೇಕು. ಲೋ ಹಾಕಿದ ಸಂಗತಿಯನ್ನೂ ಒಂದು ಸ್ವಿಚ್ಚಿನಿಂದ ಕಂಪ್ಯೂಟರಿಗೆ ಮುಟ್ಟಿಸಬೇಕು, ಇಲ್ಲದಿದ್ದರೆ ಲೆಕ್ಕ ತಾಳೆಯಾಗದೆ ಗೇರ್ ಬದಲಾವಣೆ ಎಡವಟ್ಟಾಗುತ್ತದೆ.

ಭಾರತದಲ್ಲಿ

205, 241, ಹಳೆಯ ಜೀಪಿನ ಡಾನಾ 18, ಇವು ಯಾವುದರಲ್ಲೂ ಮುಂದು-ಹಿಂದಿನ ನಡುವೆ ಡಿಫರೆನ್ಷಿಯಲ್ ಇಲ್ಲ. ನಾಲ್ಕು ಚಕ್ರ ಹಾಕಿದೊಡನೆ ಎರಡೂ ಶಾಫ್ಟ್‌ಗಳು ಒಂದೇ ವೇಗದಲ್ಲಿ ತಿರುಗಲೇಬೇಕು. ಡಾಂಬರಿನ ತಿರುವಿನಲ್ಲಿ ಅವು ಒಂದನ್ನೊಂದು ತಿರುಚಿ ಬಿಗಿದುಕೊಳ್ಳುತ್ತವೆ. ಮಡಿಕೇರಿಯಿಂದ ಮಾಂದಲಪಟ್ಟಿಗೆ ಪ್ರವಾಸಿಗರನ್ನು ಹತ್ತಿಸುವ ಜೀಪಿನವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ, ಲಿವರ್ ಬಿಗಿದು ಹೊರಬಾರದಿದ್ದರೆ ಸ್ವಲ್ಪ ಹಿಂದಕ್ಕೆ ತೆಗೆದು ಸಡಿಲಿಸುತ್ತಾರೆ. ಆಕ್ಸಲ್ ಬದಲಿಸುವವರು ಮುಂದು-ಹಿಂದು ಒಂದೇ ಅನುಪಾತ ಇಡಬೇಕಾದ್ದೂ ಇದಕ್ಕೇ. 4.10ಕ್ಕೆ 4.11 ನಡೆದೀತು, 3.73 ನಡೆಯದು.

ಬೆಂಗಳೂರಿನ ಬಿಇಎಂಎಲ್ ಸೇನೆಗೆ ಕೊಟ್ಟ ಟಾಟ್ರಾ ಟ್ರಕ್ಕುಗಳದು ಬೇರೆಯೇ ದಾರಿ. ಜೆಕ್ ವಿನ್ಯಾಸದ ಆ ವಾಹನಕ್ಕೆ ಬೆನ್ನೆಲುಬಿನಂಥ ದಪ್ಪ ಕೊಳವೆಯೇ ಚಾಸಿ, ಶಾಫ್ಟ್ ಅದರೊಳಗೆ ಅಡಗಿ ತಿರುಗುತ್ತದೆ. ಆಕ್ಸಲ್ ಮೇಲೆ ಕೆಳಗೆ ಆಡಿದರೂ ಶಾಫ್ಟಿನ ಕೋನ ಬದಲಾಗುವುದಿಲ್ಲ, ಕೆಸರು ಕಲ್ಲು ತಾಗುವುದಿಲ್ಲ. ಹವ್ಯಾಸಿಗೆ ಅದರಲ್ಲಿ ಕೈಹಾಕಲು ಜಾಗವೂ ಇಲ್ಲ.

ಕಾನೂನಿನ ಮಾತು ಕೊನೆಯದಾದರೂ ಸಣ್ಣದಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು, ತಯಾರಕರ ಮೂಲ ವಿವರಕ್ಕೆ ಭಿನ್ನವಾಗುವಂತೆ ವಾಹನ ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಈ ನಿರ್ಬಂಧವನ್ನು ಎತ್ತಿಹಿಡಿಯಿತು. ಆದ್ದರಿಂದ ಅಮೆರಿಕದ ಮಾದರಿಯಲ್ಲಿ ಬೇರೆ ಕಂಪನಿಯ ಎಂಜಿನ್, ಬೇರೆ ಪೆಟ್ಟಿಗೆ ಕೂರಿಸಿದ ಜೀಪನ್ನು ಇಲ್ಲಿ ರಸ್ತೆಗೆ ಇಳಿಸಿದರೆ ನೋಂದಣಿಗೂ ವಿಮೆಗೂ ತೊಂದರೆ. ತೋಟದ ಬೇಲಿಯೊಳಗೆ, ಖಾಸಗಿ ನೆಲದ ಸ್ಪರ್ಧೆಗಳಲ್ಲಿ ಓಡುವ ಗಾಡಿಗಳಲ್ಲಿ ಮಾತ್ರ ಈ ಕೆಲಸ ನಿರಾತಂಕ. ಹಳೆಯ ಗಾಡಿಯನ್ನು ಅದೇ ಮಾದರಿಯ ಪೆಟ್ಟಿಗೆ, ಅದೇ ಉದ್ದದ ಶಾಫ್ಟ್, ಹೊಸ ಕ್ರಾಸ್ ಹಾಕಿ ಮೂಲಸ್ಥಿತಿಗೆ ತರುವುದಕ್ಕೆ ಅಡ್ಡಿಯಿಲ್ಲ.